ಹನ್ನೊಂದು ಗಂಟೆಯ ಕುರಿ

ಕುರಿಯ ಉಣ್ಣೆ ಕತ್ತರಿಸುವುದು ಇನ್ನು ಮುಂದೆ ಕೆಲಸವಲ್ಲ, ಪರಂಪರೆ ಎಂದು ಪುರಸಭೆಯ ಸಾಮಾನ್ಯ ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಆ ಹೊತ್ತಿಗೆ ಪಟ್ಟಣದಲ್ಲಿ ಆ ಕೆಲಸ ಬಲ್ಲವನು ಒಬ್ಬನೇ ಉಳಿದಿದ್ದ. ಊರೆಲ್ಲ ಅವನನ್ನು ಕತ್ತರಿ ಎಂದೇ ಕರೆಯುತ್ತಿತ್ತು. ಸಭೆಗೆ ಅವನನ್ನು ಕರೆದಿರಲಿಲ್ಲ. ಪರಂಪರೆಯ ವಿಷಯ ಚರ್ಚೆಯಾಗುವಾಗ ಕೆಲಸದವರು ಎದುರಿಗಿದ್ದರೆ ಸದಸ್ಯರಿಗೆ ಮುಜುಗರವಾಗುತ್ತದೆ. ಹಾಗಾಗಿ ಅವನು ಗುಡ್ಡದ ಬದಿಯ ಅಕ್ಕನ ಕುರಿದೊಡ್ಡಿಯಲ್ಲಿ ಕೂತು, ಅಪ್ಪನಿಂದ ಬಂದ ಉಣ್ಣೆಗತ್ತರಿಯನ್ನು ಕಲ್ಲಿಗೆ ಮಸೆಯುತ್ತಿದ್ದ.

ಪುರಸಭೆಗೆ ಪರಂಪರೆ ಇದ್ದಕ್ಕಿದ್ದಂತೆ ನೆನಪಾಗಲು ಕಾರಣವಿತ್ತು. ಪಕ್ಕದ ಪಟ್ಟಣಕ್ಕೆ ಅದರ ಹಳೆಯ ಬಾವಿಯ ಹೆಸರಿನಲ್ಲಿ ಅನುದಾನ ಬಂದಿತ್ತು. ಬಾವಿಯಲ್ಲಿ ನೀರಿರಲಿಲ್ಲ. ಅದೇನೂ ಅಡ್ಡಿಯಾಗಲಿಲ್ಲ, ನೀರಿದ್ದರೆ ಜನ ಸೇದುತ್ತಾರೆ, ಸೇದಿದರೆ ಪರಂಪರೆ ಹಾಳಾಗುತ್ತದೆ ಎಂದು ಮೇಲಿನವರೇ ಸಮಾಧಾನಪಟ್ಟಿದ್ದರು. ನಮಗೇನು ಕಡಿಮೆ ಎಂದು ಪುರಸಭೆಯ ಅಧ್ಯಕ್ಷರು ಹುಡುಕಿದರು. ಅವರ ಅಜ್ಜ ಉಣ್ಣೆ ವ್ಯಾಪಾರಿ, ತಕ್ಕಡಿಯ ತಟ್ಟೆಗೆ ಕೆಳಗಿನಿಂದ ಮೊಣಕಾಲು ಕೊಟ್ಟು ತೂಗುವುದರಲ್ಲಿ ಸುತ್ತಮುತ್ತ ಹೆಸರಾದವರು. ಅಜ್ಜನ ಭಾವಚಿತ್ರ ನೋಡುತ್ತಿದ್ದಾಗ ಅಧ್ಯಕ್ಷರಿಗೆ ಕುರಿ ಹೊಳೆಯಿತು.

ಉಣ್ಣೆ ಸಂತೆಯ ಪಾಳುಬಿದ್ದ ಶೆಡ್ಡಿಗೆ ಸುಣ್ಣ ಬಳಿದು ‘ಉಣ್ಣೆ ಪರಂಪರಾ ಭವನ’ ಎಂದು ಹೆಸರಿಟ್ಟರು. ಅಧ್ಯಕ್ಷರ ಬಾಮೈದ ಕುರ್ಚಿ ಸರಬರಾಜು ಮಾಡಿದ. ಅವನಿಗೆ ಕುರ್ಚಿಯ ವ್ಯಾಪಾರ ಹೊಸದು, ಆದ್ದರಿಂದ ಕೆಲವಕ್ಕೆ ಮೂರೇ ಕಾಲಿದ್ದವು. ಅವನ್ನು ಗೋಡೆಗೆ ಒರಗಿಸಿ ‘ಗಣ್ಯರಿಗೆ’ ಎಂದು ಚೀಟಿ ಅಂಟಿಸಲಾಯಿತು.

ಪುರಸಭೆಯ ಗುಮಾಸ್ತ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ದೊಡ್ಡಿಗೆ ಬಂದ.

“ನಿನ್ನನ್ನ ಪರಂಪರೆ ಮಾಡಿದ್ದಾರೆ ಕಣಪ್ಪ,” ಎಂದ. “ಒಂದನೇ ತಾರೀಖಿನಿಂದ ಸಂಬಳ, ತಲೆಗೆ ಟೋಪಿ. ಇನ್ನು ಈ ಗಬ್ಬಿನಲ್ಲಿ ಕೂರೋ ಹಾಗಿಲ್ಲ.”

ಕತ್ತರಿ ಅಕ್ಕನ ಮುಖ ನೋಡಿದ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಪಟ್ಟಣದಲ್ಲಿ ಉಳಿದಿದ್ದ ಒಂದೇ ಮಂದೆಯ ಹಿಂದೆ ಗುಡ್ಡ ಸುತ್ತಿ ಬದುಕಿದವಳು. ತಮ್ಮನಿಗೆ ತಿಂಗಳ ಸಂಬಳ ಎಂದ ಕೂಡಲೇ ಅವಳ ಮುಖ ಅರಳಿತು.

“ಹೋಗೋ, ಬಿಡಬೇಡ. ಅಪ್ಪನ ಕಾಲಕ್ಕೆ ಯಾರು ಕೊಟ್ಟಿದ್ರು ಟೋಪಿ? ಒಂದೇ ಮಾತು, ಬಿಸಿಲು ಏರೋದ್ರೊಳಗೆ ಇವುಗಳ ಮೈ ಹಗುರ ಮಾಡಿಕೊಡು. ನೋಡು, ಈಗಲೇ ಹೇಗೆ ತೇಕ್ತಾ ಇವೆ.”

“ಉದ್ಘಾಟನೆ ಒಂದು ಮುಗೀಲಿ ಅಕ್ಕ. ಆಮೇಲೆ ಮೊದಲ ಕೆಲಸ ಅದೇ.”

ಉದ್ಘಾಟನೆಗೆಂದು ಅಕ್ಕ ತನ್ನ ಮಂದೆಯ ಹಿರಿಯ ಕುರಿಯನ್ನೇ ಕೊಟ್ಟಳು. ಏನು ಮಾಡಿದರೂ ಸುಮ್ಮನಿರುತ್ತಿದ್ದುದರಿಂದ ಅದಕ್ಕೆ ಸುಮ್ಮಿ ಎಂದು ಹೆಸರು. ಈ ಗುಣ ಗಮನಿಸಿದ ಪುರಸಭೆಯ ಮುಖ್ಯಾಧಿಕಾರಿ, ಇಂಥ ಸ್ವಭಾವ ನಮ್ಮ ಸಿಬ್ಬಂದಿಯಲ್ಲೂ ಬೆಳೆಯಬೇಕು ಎಂದು ಮೆಚ್ಚಿದರು.

ಮಂತ್ರಿಗಳಿಂದ ಉದ್ಘಾಟನೆ ಹನ್ನೊಂದಕ್ಕೆ ಎಂದು ಆಹ್ವಾನಪತ್ರದಲ್ಲಿತ್ತು. ಬಡಪಾಯಿ ಕತ್ತರಿ ಅದನ್ನು ನಂಬಿ ಹನ್ನೊಂದಕ್ಕೆ ಸುಮ್ಮಿಯನ್ನು ಮಲಗಿಸಿ ಶುರುಮಾಡಿಯೇ ಬಿಟ್ಟ. ಅವನ ಕೈ ಹಾಗಿತ್ತು: ಹೊಟ್ಟೆಯ ಕಡೆಯಿಂದ ಬಿಡಿಸಿ, ಬೆನ್ನು ಬಳಸಿ, ತುಪ್ಪಟವನ್ನು ಎಲ್ಲೂ ಹರಿಯದೆ ಇಡಿಯಾಗಿ ಬಿಚ್ಚಿ ತೆಗೆಯುವ ಕೈ. ತೆಗೆದ ಉಣ್ಣೆ ನೆಲದ ಮೇಲೆ ಯಾರೋ ಕಳಚಿಟ್ಟ ಕೋಟಿನಂತೆ ಬಿದ್ದಿತ್ತು. ಸುಮ್ಮಿ ಮೈ ಕೊಡವಿ ಎದ್ದು ನಿಂತ ಮೇಲೆ, ಊಟದ ಹೊತ್ತು ಮೀರಿಸಿ, ಮಂತ್ರಿಗಳು ಬಂದರು.

ಮುಖ್ಯಾಧಿಕಾರಿಗೆ ಬೆವರು ಕಿತ್ತುಕೊಂಡಿತು. “ಇನ್ನೊಂದು ಸಲ ಕತ್ತರಿಸು.”

“ಏನನ್ನ ಸ್ವಾಮಿ? ಮತ್ತೆ ಬೆಳೀಬೇಕಲ್ಲ.”

“ಎಷ್ಟು ಹೊತ್ತಾಗುತ್ತೆ?”

“ಮುಂದಿನ ವರ್ಷ.”

“ಮಂತ್ರಿಗಳಿಗೆ ನಾಲ್ಕಕ್ಕೆ ಬೇರೆ ಕಾರ್ಯಕ್ರಮ ಇದೆ ಕಣಯ್ಯ.”

ಆಗ ಅಧ್ಯಕ್ಷರ ಕಣ್ಣು ನೆಲದ ಮೇಲಿನ ಉಣ್ಣೆಯ ಮೇಲೆ ಬಿತ್ತು. “ಇಡೀ ಇದೆಯಲ್ಲ. ತೊಡಿಸಿ ಅದನ್ನ,” ಎಂದರು.

ಉದ್ಘಾಟನೆಗೆ ಕತ್ತರಿಸಬೇಕಾಗಿದ್ದ ಕೆಂಪು ರಿಬ್ಬನ್ನನ್ನೇ ಬಿಚ್ಚಿ ತಂದು, ಸುಮ್ಮಿಗೆ ಅವಳದೇ ತುಪ್ಪಟವನ್ನು ಹೊದಿಸಿ, ಹೊಟ್ಟೆಯ ಕೆಳಗೆ ಗಂಟು ಹಾಕಿದರು. ಕತ್ತರಿ ಮಂತ್ರಿಗಳ ಎದುರು ಗಾಳಿಯಲ್ಲಿ ಕತ್ತರಿಯಾಡಿಸುತ್ತ ಬಂದು ಕೊನೆಗೆ ಗಂಟು ಬಿಚ್ಚಿದ. ಉಣ್ಣೆ ಒಟ್ಟಿಗೇ ಜಾರಿ ಬಿತ್ತು. ಮಂತ್ರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಾವು ಅನೇಕ ದೇಶಗಳನ್ನು ಕಂಡಿದ್ದರೂ ಇಷ್ಟು ಬೇಗ ಉಣ್ಣೆ ಬಿಡುವ ಕುರಿಯನ್ನು ಎಲ್ಲೂ ಕಂಡಿಲ್ಲವೆಂದರು. ಇದು ದಿನಾ ನಡೆಯಬೇಕು ಎಂದು ಅಪ್ಪಣೆಯೂ ಆಯಿತು.

ಮರುದಿನ ಕತ್ತರಿ ಮುಖ್ಯಾಧಿಕಾರಿಯ ಕೋಣೆಗೆ ಹೋದ. ಅವನಿಗೆ ಒಂದು ಒಳ್ಳೆಯ ಯೋಚನೆ ಬಂದಿತ್ತು. ಅದೇ ಅವನು ಮಾಡಿದ ತಪ್ಪು.

“ದಿನಕ್ಕೊಂದು ಕುರಿ ತರ್ತೀನಿ ಸ್ವಾಮಿ. ಅಕ್ಕನ ಮಂದೆ ಇಡೀ ಹಾಗೇ ಇದೆ. ಜನಕ್ಕೆ ನಿಜವಾದ್ದು ನೋಡಿದ ಹಾಗಾಯ್ತು, ಅವುಗಳ ಮೈಯೂ ಹಗುರಾಯ್ತು.”

ಮುಖ್ಯಾಧಿಕಾರಿ ಅವನನ್ನು ಕರುಣೆಯಿಂದ ನೋಡಿದರು. “ಅಷ್ಟೂ ಮುಗಿದ ಮೇಲೆ?”

“ಮುಗಿದ ಮೇಲೆ ಮುಂದಿನ ವರ್ಷ.”

“ಅದೇ ನೋಡು ನಿಜವಾದ್ದರ ತೊಂದರೆ, ಮುಗಿದುಹೋಗುತ್ತೆ. ಸರ್ಕಾರಿ ಕಾರ್ಯಕ್ರಮ ಮುಗಿಯೋ ಹಾಗಿಲ್ಲ.”

ಹೀಗೆ ಮೊದಲನೆಯ ನಿಯಮ ಜಾರಿಗೆ ಬಂತು: ಪ್ರದರ್ಶನದ ಕುರಿಯು ಪ್ರದರ್ಶನಕ್ಕೆ ಮುಂಚೆ ಉಣ್ಣೆ ಸಹಿತವೂ, ಪ್ರದರ್ಶನದ ನಂತರ ಉಣ್ಣೆ ರಹಿತವೂ, ಮರುದಿನ ಪುನಃ ಉಣ್ಣೆ ಸಹಿತವೂ ಆಗಿರತಕ್ಕದ್ದು. ನಿಜವಾದ ಕತ್ತರಿಯಿಂದ ಸರ್ಕಾರಿ ತುಪ್ಪಟಕ್ಕೆ ಹಾನಿಯಾಗಬಹುದೆಂದು ಅವನಿಗೆ ಬೆಳ್ಳಿ ಬಣ್ಣ ಬಳಿದ ಮರದ ಕತ್ತರಿ ಕೊಟ್ಟರು. ಅಪ್ಪನ ಕತ್ತರಿಯನ್ನು ಅವನಿಂದ ಪಡೆದು, ಭವನದ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ‘ಮುಟ್ಟಬಾರದು’ ಎಂದು ಬೋರ್ಡು ಬಂತು.

ಎರಡನೆಯ ನಿಯಮ ಅದರ ಬೆನ್ನಿಗೇ ಹುಟ್ಟಿತು. ಟಿಕೆಟ್ ಕೊಟ್ಟು ನೋಡಬೇಕಾದ್ದನ್ನು ಗುಡ್ಡದ ಮೇಲೆ ಪುಕ್ಕಟೆ ತೋರಿಸಿದರೆ ಭವನದ ಗತಿಯೇನು ಎಂದು ಬಾಮೈದ ಕೇಳಿದ. ಟಿಕೆಟ್ಟಿನ ಗುತ್ತಿಗೆಯೂ ಅವನದೇ ಆದ್ದರಿಂದ ಪ್ರಶ್ನೆಯಲ್ಲಿ ತೂಕವಿತ್ತು. ಮೈಕು ಕಟ್ಟಿದ ವ್ಯಾನು ಬೀದಿ ಬೀದಿ ಸುತ್ತಿತು: “ಸಾರ್ವಜನಿಕರ ಗಮನಕ್ಕೆ. ಪರಂಪರಾ ಭವನದ ಹೊರಗೆ ಕುರಿಯ ಉಣ್ಣೆ ಕತ್ತರಿಸುವುದನ್ನು ನಿಷೇಧಿಸಲಾಗಿದೆ. ಬರಿಮೈಯಲ್ಲಿ ತಿರುಗುವ ಕುರಿಗಳಿಂದ ಪಟ್ಟಣದ ಘನತೆಗೆ ಧಕ್ಕೆಯಾಗುತ್ತಿದ್ದು, ಅಂಥ ಕುರಿಗಳ ಮಾಲೀಕರ ಮೇಲೆ ಕ್ರಮ ಜರುಗಿಸಲಾಗುವುದು. ಬನ್ನಿ, ಉಣ್ಣೆ ಕತ್ತರಿಸುವ ನಮ್ಮ ಪರಂಪರೆಯನ್ನು ಉಳಿಸೋಣ.”

ಬಿಸಿಲು ಏರಿತು. ಅಕ್ಕ ಮಂದೆಯನ್ನು ನೆರಳಿನಿಂದ ನೆರಳಿಗೆ ಅಟ್ಟಿದಳು. ಬೆರಳು ಮುಳುಗುವಷ್ಟು ದಪ್ಪ ಉಣ್ಣೆಯ ಒಳಗೆ ಅವುಗಳ ಮೈ ಬೇಯುತ್ತಿತ್ತು. ಕೆಲವಕ್ಕೆ ಬಾಲದ ಬುಡದಲ್ಲಿ ಹುಳ ಬಿತ್ತು. ಅವಳು ಒಗೆದ ಸೀರೆಯುಟ್ಟು ಪುರಸಭೆಗೆ ಹೋಗಿ ಮುಖ್ಯಾಧಿಕಾರಿಯ ಮೇಜಿನೆದುರು ನಿಂತಳು. ಫ್ಯಾನು ಅವರ ಕಡೆಗೇ ತಿರುಗಿತ್ತು.

“ಕುರಿಗಳಿಗೆ ಸೆಕೆ ತಡಿಯೋಕಾಗ್ತಿಲ್ಲ ಸ್ವಾಮಿ. ನನ್ನ ತಮ್ಮನಿಗೆ ಒಂದು ವಾರ ರಜ ಕೊಡಿ, ಅವನ ಕತ್ತರಿ ಕೊಡಿ. ನಿಮಗೆ ಪುಣ್ಯ ಬರುತ್ತೆ.”

“ಸೆಕೆ ಅಂತ ಕುರಿಗಳು ಲಿಖಿತವಾಗಿ ಹೇಳಿವೆಯಾ?”

“ಬಾಯಿ ಕಳ್ಕೊಂಡು ತೇಕ್ತಾ ಇವೆ.”

“ಮೌಖಿಕ,” ಎಂದು ಮುಖ್ಯಾಧಿಕಾರಿ ಗುಮಾಸ್ತನಿಗೆ ಬರೆಸಿದರು. ನಂತರ ಮೃದುವಾಗಿ ವಿವರಿಸಿದರು: ವಿನಾಯಿತಿ ಕೊಡುವ ಅಧಿಕಾರ ಪರಂಪರಾ ಸಮಿತಿಯದು, ಬೇಸಿಗೆಯಲ್ಲಿ ಸೆಕೆಯ ಕಾರಣ ಸಮಿತಿ ಸೇರುವುದಿಲ್ಲ. “ಅಲ್ಲಿವರೆಗೆ ಬೇಕಾದ್ರೆ ಕುರಿಗಳನ್ನ ಭವನಕ್ಕೆ ಕರ್ಕೊಂಡು ಬನ್ನಿ. ಒಳಗೆ ತಂಪಿದೆ. ಮರಿಗಳಿಗೆ ಅರ್ಧ ಟಿಕೆಟ್ ಮಾಡಿಸ್ತೀನಿ.”

ಅಕ್ಕ ಅರ್ಜಿ ಕೊಟ್ಟು, ಅಲ್ಲಿಂದ ನೇರ ಭವನಕ್ಕೆ ಬಂದಳು. ಪ್ರದರ್ಶನ ಆಗತಾನೇ ಮುಗಿದಿತ್ತು. ತಮ್ಮ ಟೋಪಿ ಸರಿಮಾಡಿಕೊಂಡು ಪ್ರೇಕ್ಷಕರೊಬ್ಬರ ಜೊತೆ ಫೋಟೊಗೆ ನಿಂತಿದ್ದ. ನಿಲ್ಲುವುದು ಅವನಿಗೆ ಚೆನ್ನಾಗಿ ರೂಢಿಯಾಗಿತ್ತು, ಯಾವ ಭುಜ ಮುಂದೆ ಬರಬೇಕೆಂದು ಈಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ವಾರದ ರಜೆ ದಿನ ಬಾರೋ,” ಎಂದಳು ಅಕ್ಕ. “ಯಾರಿಗೂ ಗೊತ್ತಾಗಲ್ಲ. ಗುಡ್ಡದ ಆ ಕಡೆಗೆ ಹೊಡ್ಕೊಂಡು ಹೋಗ್ತೀನಿ.”

“ಕತ್ತರಿ ಒಳಗಿದೆಯಲ್ಲ ಅಕ್ಕ.”

“ಅಪ್ಪಂದು ಕಣೋ ಅದು. ಒಂದು ಗಾಜು ತಾನೆ ಅಡ್ಡ ಇರೋದು.”

ಕತ್ತರಿ ಗಾಜಿನ ಪೆಟ್ಟಿಗೆಯನ್ನು ನೋಡಿದ. ಒಳಗೆ ಅಪ್ಪನ ಕತ್ತರಿ, ಗಾಜಿನ ಮೇಲೆ ಟೋಪಿ ಹಾಕಿಕೊಂಡ ತನ್ನ ಮುಖ. ಒಂದನೇ ತಾರೀಖು ಹತ್ತಿರದಲ್ಲಿತ್ತು, ಹೊರಗೆ ಇನ್ನೊಬ್ಬರು ಫೋಟೊಗೆ ಕಾಯುತ್ತಿದ್ದರು.

“ಅರ್ಜಿ ಕೊಟ್ಟಿದೀಯಲ್ಲ. ಅದು ಪರಿಶೀಲನೆಯಲ್ಲಿರುತ್ತೆ,” ಎಂದ.

ಅಕ್ಕ ಅವನ ಮುಖವನ್ನು, ಗುರುತು ಹತ್ತದವರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಸೆರಗು ತಲೆಗೆಳೆದುಕೊಂಡು ಬಿಸಿಲಿಗಿಳಿದಳು. ಮನೆಯಲ್ಲಿದ್ದ ತರಕಾರಿ ಚಾಕು, ಬಟ್ಟೆಯ ಕತ್ತರಿ ಎಲ್ಲ ಹಿಡಿದು ತಾನೇ ಪ್ರಯತ್ನಪಟ್ಟಳು. ಎರಡು ಕುರಿಗೆ ಗಾಯವಾಯಿತು, ಅವಳ ಅಂಗೈ ಸೀಳಿತು, ಉಣ್ಣೆ ಹಾಗೇ ಉಳಿಯಿತು.

ಮೊದಲು ಮರಿಗಳು ಬಿದ್ದವು, ಆಮೇಲೆ ಗಬ್ಬದ ಕುರಿಗಳು. ನಿಂತಲ್ಲೇ ಮಂಡಿಯೂರಿ, ತಲೆಯನ್ನು ಮಣ್ಣಿಗೆ ಆನಿಸಿ ಬೀಳುತ್ತಿದ್ದವು. ಉಳಿದವನ್ನು ಅಕ್ಕ ಲಾರಿಯವನಿಗೆ ಮಾರಿದಳು. ಅವನು ಉಣ್ಣೆ ಕೇಳಲಿಲ್ಲ, ಮಾಂಸ ಕೇಳಿದ. ಲಾರಿ ಹೋದ ಮೇಲೆ ಅವಳು ಖಾಲಿ ದೊಡ್ಡಿಯ ಗೇಟನ್ನು ಅಭ್ಯಾಸಬಲದಿಂದ ಹಾಕಿ ಅಗಳಿಯಿಟ್ಟಳು.

ಪುರಸಭೆ ಕಲ್ಲೆದೆಯದೇನಲ್ಲ. ಸಭೆ ಒಂದು ನಿಮಿಷ ಮೌನ ಆಚರಿಸಿ, ಆ ದೊಡ್ಡಿಯನ್ನು ‘ಸಂರಕ್ಷಿತ ಪಾರಂಪರಿಕ ದೊಡ್ಡಿ’ ಎಂದು ಘೋಷಿಸಿತು. ಕುರಿಗಳಿಲ್ಲದ ಕಾರಣ ಈಗ ಅದನ್ನು ಸಂರಕ್ಷಿಸುವುದು ಸುಲಭವಾಗಿದೆ ಎಂದು ಅಧ್ಯಕ್ಷರು ಸಂತೋಷ ವ್ಯಕ್ತಪಡಿಸಿದರು.

ಭವನದಲ್ಲಿ ಸುಮ್ಮಿಯ ಸೇವೆ ಮುಂದುವರಿದಿತ್ತು. ಕಟ್ಟಿದ ತುಪ್ಪಟದ ಕೆಳಗೆ ಅವಳಿಗೆ ಹೊಸ ಉಣ್ಣೆಯೂ ಬೆಳೆಯತೊಡಗಿತ್ತು. ಅದು ಅನಧಿಕೃತ ಬೆಳವಣಿಗೆಯಾದ್ದರಿಂದ ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ. ಒಂದು ದಿನ ಪ್ರದರ್ಶನದ ನಡುವೆ, ಕತ್ತರಿ ಮರದ ಕತ್ತರಿಯನ್ನು ಬೆನ್ನಿನ ಮೇಲೆ ಒಯ್ಯುತ್ತಿರುವಾಗ, ಅವಳ ಉಸಿರು ನಿಂತಿತು. ಅವನಿಗೆ ಕೈಯಲ್ಲೇ ತಿಳಿಯಿತು. ಮುಖ್ಯಾಧಿಕಾರಿ ಮುಂದಿನ ಸಾಲಿನಿಂದ ಮುಂದುವರಿಸು ಎಂದು ಸನ್ನೆ ಮಾಡಿದರು. ಅವನು ಮುಂದುವರಿಸಿದ. ಕುರಿಯನ್ನು ಎಷ್ಟು ಚೆನ್ನಾಗಿ ಪಳಗಿಸಿದ್ದಾರೆ ಎಂದು ಪ್ರೇಕ್ಷಕರು ಹೊಗಳಿಕೊಂಡು ಹೋದರು.

ಅಂದೇ ಸಂಜೆ ತುರ್ತುಸಭೆ ಸೇರಿತು. ಹೊಸ ಕುರಿ ಕೊಳ್ಳಬೇಕಾದರೆ ಅದು ಸ್ಥಳೀಯವಾಗಿರಬೇಕೆಂದು ಅನುದಾನದ ಷರತ್ತು. ಪಟ್ಟಣದಲ್ಲಿ ಕುರಿಯೇ ಉಳಿದಿರಲಿಲ್ಲ. ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತಾಗ ಮುಖ್ಯಾಧಿಕಾರಿ ಪರಿಸ್ಥಿತಿಯನ್ನು ಬಿಡಿಸಿ ಹೇಳಿದರು.

“ಗಾಬರಿಯಾಗೋದು ಬೇಡ. ತುಪ್ಪಟ ಇದೆ, ಸುಸ್ಥಿತಿಯಲ್ಲಿದೆ. ಕತ್ತರಿಸೋನು ಇದಾನೆ, ನೋಡೋರು ಬರ್ತಿದಾರೆ. ಕೊರತೆ ಇರೋದು ಒಳಗಿರಬೇಕಾದ್ದಕ್ಕೆ ಮಾತ್ರ.”

ಮರುದಿನದಿಂದ ಗುಮಾಸ್ತ ಪ್ರಭಾರ ಕುರಿಯಾಗಿ ಕಾರ್ಯನಿರ್ವಹಿಸಿದ. ಮಂಡಿನೋವೆಂದು ಅವನು ತಕರಾರು ತೆಗೆದಾಗ ಹುದ್ದೆಯನ್ನು ಗುತ್ತಿಗೆಯ ಮೇಲೆ ತುಂಬಲು ಪ್ರಕಟಣೆ ಹೊರಟಿತು. ಅಭ್ಯರ್ಥಿ ಸ್ಥಳೀಯರಾಗಿರಬೇಕು, ಕುರಿಗಳೊಂದಿಗೆ ಒಡನಾಟವಿರಬೇಕು, ಎದುರು ಮಾತಾಡುವ ಚಾಳಿ ಇರಬಾರದು. ಮಂದೆ ಕಳೆದುಕೊಂಡವರಿಗೆ ಆದ್ಯತೆ.

ಸಂದರ್ಶನಕ್ಕೆ ಬಂದವರು ಇಬ್ಬರು. ಒಬ್ಬಳು ಬಾಮೈದನ ಹೆಂಡತಿ. ಮೈ ತುಪ್ಪಟದೊಳಗೆ ಹಿಡಿಸಲಿಲ್ಲ. ಇನ್ನೊಬ್ಬಳು ಅಕ್ಕ. ಮಂದೆ ಮಾರಿದ ಹಣ ಹಳೆಯ ಬಾಕಿಗಳಿಗೇ ಕರಗಿತ್ತು. ಆ ಬೇಸಿಗೆಯಲ್ಲಿ ಅವಳು ಇಳಿದುಹೋಗಿದ್ದರಿಂದ ತುಪ್ಪಟ ಅಳತೆ ತೆಗೆದು ಹೊಲಿದಷ್ಟು ಸರಿಯಾಗಿ ಕೂತಿತು.

“ಕೂಗಿ ತೋರಿಸಿ,” ಎಂದರು ಅಧ್ಯಕ್ಷರು.

ಅಕ್ಕ ಕೂಗಿದಳು. ಬಾಗಿಲ ಬಳಿ ನಿಂತಿದ್ದ ಕತ್ತರಿಗೆ ಗುರುತು ಸಿಕ್ಕಿತು. ಮರಿ ಕಾಣದಾದಾಗ ತಾಯಿಕುರಿ ಕೂಗುವ ಕೂಗು ಅದು. ಆಯ್ಕೆ ಸಮಿತಿ ಅದಕ್ಕೆ ಪೂರ್ತಿ ಅಂಕ ಕೊಟ್ಟಿತು.

ಹಾಗೆ ಅಕ್ಕ ತಮ್ಮ ಇಬ್ಬರಿಗೂ ಒಂದೇ ಸೂರಿನಡಿ ಕೆಲಸವಾಯಿತು. ಊರಿನವರು ಬಂದು ಅಭಿನಂದಿಸಿದರು. ಒಂದೇ ಮನೆಯಲ್ಲಿ ಎರಡು ಸಂಬಳ ಎಂದು ಕೆಲವರು ಹೊಟ್ಟೆಕಿಚ್ಚೂ ಪಟ್ಟರು. ದಿನಾ ಹನ್ನೊಂದಕ್ಕೆ ಅಕ್ಕ ಚಾಪೆಯ ಮೇಲೆ ಮಂಡಿಯೂರುವಳು. ಕತ್ತರಿ ಮರದ ಕತ್ತರಿ ಹಿಡಿದು ಪಕ್ಕಕ್ಕೆ ಬರುವನು. ಮೊದಮೊದಲು ಅವನು ಅವಳ ಬೆನ್ನಿಗೆ ಕತ್ತರಿ ತಾಗಿಸಲು ಹಿಂಜರಿಯುತ್ತಿದ್ದ. ಅವಳೇ ತಲೆ ತಗ್ಗಿಸಿಕೊಂಡು ಸಮಾಧಾನ ಹೇಳುತ್ತಿದ್ದಳು.

“ಬೇಗ ಮುಗಿಸೋ. ಒಳಗೆ ತುಂಬಾ ಸೆಕೆ.”

“ಸ್ವಲ್ಪ ತಡ್ಕೋ ಅಕ್ಕ.”

“ತಡ್ಕೋತೀನಿ. ಅವೂ ಹೀಗೇ ತಡ್ಕೊಂಡಿದ್ವು, ಅಲ್ವ?”

ಪ್ರದರ್ಶನದ ವೇಳೆ ಕುರಿಯೊಂದಿಗೆ ಸಂಭಾಷಣೆ ನಡೆಸಬಾರದೆಂಬ ನಿಯಮ ಇಂಥ ಹೊತ್ತಿನಲ್ಲಿ ಅವನಿಗೆ ಬಹಳ ಉಪಕಾರ ಮಾಡುತ್ತಿತ್ತು.

ಬೇಸಿಗೆ ಕಳೆದು ಗಾಳಿ ತಂಪಾದ ಮೇಲೆ ಪರಂಪರಾ ಸಮಿತಿ ಸೇರಿತು, ಅಕ್ಕನ ಹಳೆಯ ಅರ್ಜಿಯನ್ನು ಸಹಾನುಭೂತಿಯಿಂದ ಪರಿಗಣಿಸಿತು. ಅರ್ಜಿದಾರಳ ದೊಡ್ಡಿಗೆ ಸೇರಿದ ಸಮಸ್ತ ಕುರಿಗಳ ಉಣ್ಣೆಯನ್ನು, ಒಂದು ಸಲದ ಮಟ್ಟಿಗೆ, ನಿಜವಾದ ಕತ್ತರಿಯಿಂದ ನಿಜವಾಗಿ ಕತ್ತರಿಸಲು ಅನುಮತಿ ನೀಡಲಾಗಿದೆ. ಕತ್ತರಿಸಿದ ಬಗ್ಗೆ ಕೂಡಲೇ ವರದಿ ಸಲ್ಲಿಸತಕ್ಕದ್ದು. ಮುಖ್ಯಾಧಿಕಾರಿ ಅಧ್ಯಕ್ಷರ ಜೊತೆ ಪ್ರದರ್ಶನದ ವೇಳೆಗೇ ಭವನಕ್ಕೆ ಬಂದು, ಪ್ರೇಕ್ಷಕರ ಎದುರೇ ಆದೇಶ ಓದಿ ಹೇಳಿದರು.

“ಕುರಿ ಎಲ್ಲಿದೆ ಸ್ವಾಮಿ ಈಗ?” ಎಂದಳು ಅಕ್ಕ, ತುಪ್ಪಟದೊಳಗಿಂದ.

“ನಮ್ಮ ದಾಖಲೆ ಪ್ರಕಾರ ಪಟ್ಟಣದಲ್ಲಿ ಒಂದು ಕುರಿ ಇದೆ. ಆ ದೊಡ್ಡಿಯದೇ.” ಅವರು ಒಂದು ಹೆಜ್ಜೆ ಹಿಂದೆ ಸರಿದು, ತುಪ್ಪಟದ ಮೇಲೆ ಬಿದ್ದಿದ್ದ ಅವಳ ಜಡೆಯನ್ನು ಪರಿಶೀಲಿಸಿದರು. “ಸಮಿತಿ ಕೊಟ್ಟ ಅನುಮತಿ ವ್ಯರ್ಥವಾಗಬಾರದು. ವರದಿ ಕೇಳಿದಾರೆ.”

ಅಕ್ಕ ಸುಮ್ಮನಿದ್ದಳು. ಎದುರು ಮಾತಾಡಿದರೆ ಗುತ್ತಿಗೆ ರದ್ದಾಗುತ್ತಿತ್ತು.

ಗಾಜಿನ ಪೆಟ್ಟಿಗೆಯ ಕೀಲಿ ಸಿಗಲಿಲ್ಲ. ಗುಮಾಸ್ತ ಮೇಜಿನ ಮೇಲಿದ್ದ ಪೇಪರ್‌ವೇಟ್ ತಂದು ಒಂದೇಟು ಕೊಟ್ಟ. ಗಾಜು ಪುಡಿಪುಡಿಯಾಗಿ ಉದುರಿತು. ಅದು ಅಷ್ಟು ತೆಳ್ಳಗಿನ ಗಾಜು ಎಂದು ಕತ್ತರಿಗೆ ಗೊತ್ತಿರಲಿಲ್ಲ; ಗೊತ್ತುಮಾಡಿಕೊಳ್ಳಲು ಅವನು ಹೋಗಿರಲಿಲ್ಲ.

ಅಪ್ಪನ ಕತ್ತರಿ ಕೈಗೆ ಬಂತು. ಅದರ ಬಾಯಿ ಇನ್ನೂ ಮೊಂಡಾಗಿರಲಿಲ್ಲ. ಅವನು ಕುರಿಯನ್ನು ಹಿಡಿಯುವಂತೆಯೇ ಎಡಗೈಯನ್ನು ಅಕ್ಕನ ಗಲ್ಲದ ಕೆಳಗಿಟ್ಟು, ಕುತ್ತಿಗೆಯ ಹಿಂದಿನಿಂದ ಶುರುಮಾಡಿದ. ಸಣ್ಣವನಿದ್ದಾಗ ಅವನ ತಲೆ ಬಾಚುತ್ತಿದ್ದವಳು ಅವಳು, ಹೀಗೇ ಗಲ್ಲ ಹಿಡಿದು. ಅವನ ಕಣ್ಣಿಂದ ನೀರು ಇಳಿದು, ಗದ್ದದ ಕೆಳಗೆ ಬಿಗಿದಿದ್ದ ಟೋಪಿಯ ಪಟ್ಟಿ ಒದ್ದೆಯಾಯಿತು. ಆದರೂ ಕೈ ತಪ್ಪಲಿಲ್ಲ. ನರೆತ ಕೂದಲು ಜಡೆಸಮೇತ ಇಡಿಯಾಗಿ, ಎಲ್ಲೂ ಹರಿಯದೆ, ಚಾಪೆಯ ಮೇಲೆ ಇಳಿಯಿತು.

“ಹಾಯಾಯ್ತು ಕಣೋ,” ಎಂದಳು ಅಕ್ಕ. “ಇಷ್ಟೇ ಕೇಳಿದ್ದು ನಾನು.”

“ಕುರಿ ಮಾತಾಡಬಾರದು,” ಎಂದು ಮುಖ್ಯಾಧಿಕಾರಿ ನೆನಪಿಸಿದರು. ಅಕ್ಕ ನಿಯಮದಂತೆ ಒಮ್ಮೆ ಕೂಗಿದಳು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ಸಹಜವಾದ ಪ್ರದರ್ಶನವನ್ನು ತಾವು ನೋಡಿಯೇ ಇಲ್ಲವೆಂದರು. ಅನುಮತಿ ಒಂದೇ ಸಲಕ್ಕೆ, ಪ್ರದರ್ಶನವೋ ದಿನಾ. ಅಧ್ಯಕ್ಷರು ಚಾಪೆಯ ಮೇಲಿನ ಕೂದಲನ್ನು ಸ್ವಲ್ಪ ಹೊತ್ತು ನೋಡಿದರು.

“ಇಡೀ ಇದೆಯಲ್ಲ,” ಎಂದರು.

ಮರುದಿನ ಹನ್ನೊಂದಕ್ಕೆ ಮುಂಚೆ ಕತ್ತರಿ ಕೆಂಪು ರಿಬ್ಬನ್ ತಂದು ಜಡೆಯನ್ನು ಅಕ್ಕನ ತಲೆಗೆ ಕಟ್ಟುತ್ತಿದ್ದ. ಹೊರಗೆ ಟಿಕೆಟ್ಟಿಗೆ ಜನ ಸಾಲು ನಿಂತಿದ್ದರು.

“ಸ್ವಲ್ಪ ಸಡಿಲ ಕಟ್ಟೋ,” ಎಂದಳು ಅಕ್ಕ. “ದಿನಾ ಬಿಚ್ಚೋದು ತಾನೆ.”

ಅವನು ಸಡಿಲ ಕಟ್ಟಿದ.